ಶುಭ ಶುಕ್ರವಾರದ ಆರಾಧನೆ: ಬಾಗಿಲು ದಾಟುವ ಮೊದಲಿಂದ ಹೊರಗೆ ಬರುವವರೆಗೆ

ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಕೊನೆ ವಾರ ಬಂತೆಂದರೆ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಶುಭ ಶುಕ್ರವಾರ, ಅಂದರೆ ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟದ್ದನ್ನು ನೆನೆಯುವ ಗುಡ್ ಫ್ರೈಡೇ ದಿನ, ಪೂಜೆ ಎಷ್ಟು ಗಂಟೆಗೆ? ಅವತ್ತು ಪೂಜೆಯೇ ಇಲ್ಲ ಅನ್ನುತ್ತಾರಲ್ಲ, ಹಾಗಾದರೆ ಪರಮಪ್ರಸಾದ (ಯೇಸುವಿನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಎಲ್ಲಿಂದ ಬರುತ್ತೆ? ಸ್ವಾಮಿಗಳು (ಪಾದ್ರಿಗಳು) ನೆಲದ ಮೇಲೆ ಬೋರಲು ಮಲಗುವುದು ಯಾಕೆ? ನಮ್ಮ ಯಜಮಾನರು ಕ್ರೈಸ್ತರಲ್ಲ, ಕರೆದುಕೊಂಡು ಹೋಗಬಹುದಾ? ಕೇಳುವವರಲ್ಲಿ ಹೊಸಬರೂ ಇದ್ದಾರೆ, ಚಿಕ್ಕಂದಿನಿಂದ ಚರ್ಚಿಗೆ ಹೋಗುತ್ತಿರುವವರೂ ಇದ್ದಾರೆ. ಅದಕ್ಕೇ ಇಡೀ ಆರಾಧನೆಯನ್ನು ಅದು ನಡೆಯುವ ಕ್ರಮದಲ್ಲೇ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದು ಲ್ಯಾಟಿನ್ ವಿಧಿಯ, ಅಂದರೆ ರೋಮಿನ ಪೂಜಾಕ್ರಮ ಅನುಸರಿಸುವ ಕಥೋಲಿಕ ದೇವಾಲಯಗಳ ಕ್ರಮ. ಹೆಸರು ಲ್ಯಾಟಿನ್ ಆದರೂ ನಡೆಯುವುದು ಕನ್ನಡದಲ್ಲೇ. ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸಿರೋ-ಮಲಬಾರ್ ಧರ್ಮಪ್ರಾಂತ್ಯಗಳವರೂ ಕಥೋಲಿಕರೇ, ಆದರೆ ಅವರ ವಿಧಿ ಬೇರೆ. ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಪ್ರಸಂಗ ಇರುತ್ತದೆ. ಸ್ನೇಹಿತರು ಕರೆದರೆ ಯಾವ ಚರ್ಚು ಅಂತ ಕೇಳಿಕೊಂಡು ಹೊರಡಿ.

ಇನ್ನೊಂದು ವಿಷಯ ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ವಿಚಿತ್ರವಾಗಿ ಕಾಣುತ್ತದೆ. ಗುರುವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ನಡೆಯುವುದು ಒಂದೇ ಆರಾಧನೆ. ಪವಿತ್ರ ಗುರುವಾರದ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ) ಶುರುವಾಗುತ್ತದೆ, ಆದರೆ ಕೊನೆಯ ಆಶೀರ್ವಾದ ಇಲ್ಲದೆ ನಿಂತುಬಿಡುತ್ತದೆ. ಶುಕ್ರವಾರಕ್ಕೆ ಶಿಲುಬೆ ಗುರುತಿನ ಆರಂಭವೂ ಇಲ್ಲ, "ಹೋಗಿ ಬನ್ನಿ" ಎಂಬ ಬೀಳ್ಕೊಡುಗೆಯೂ ಇಲ್ಲ. ಶನಿವಾರ ರಾತ್ರಿಯ ಪಾಸ್ಕ (ಈಸ್ಟರ್) ಜಾಗರಣೆ ಮುಗಿದಾಗಲೇ ಗುರುಗಳು ಆಶೀರ್ವಾದ ಕೊಟ್ಟು, ಅಲ್ಲೆಲೂಯ ಸೇರಿಸಿ ಜನರನ್ನು ಕಳಿಸುವುದು. ಹಾಗಾಗಿ ಶುಕ್ರವಾರ "ಏನೋ ಬಿಟ್ಟು ಹೋಗಿದೆಯಲ್ಲ" ಅಂತ ನಿಮಗೆ ಅನಿಸಿದರೆ ಸರಿಯಾಗಿಯೇ ಗಮನಿಸಿದ್ದೀರಿ. ಬಿಟ್ಟಿರುವುದು ಬೇಕೆಂತಲೇ.

1. ದಿನ, ಹೊತ್ತು, ಭಾಷೆ ನೋಡಿಕೊಳ್ಳಿ

ಈ ದಿನ ಪ್ರತಿ ವರ್ಷ ಬದಲಾಗುತ್ತದೆ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಪಾಸ್ಕ. ಅದರ ಹಿಂದಿನ ಶುಕ್ರವಾರವೇ ಇದು. 2026ರಲ್ಲಿ ಏಪ್ರಿಲ್ 3, 2027ರಲ್ಲಿ ಮಾರ್ಚ್ 26.

ಆರಾಧನೆಯ ಹೊತ್ತು ಮಧ್ಯಾಹ್ನ ಸುಮಾರು 3 ಗಂಟೆ. ಯೇಸು ಪ್ರಾಣಬಿಟ್ಟದ್ದು ಆ ಹೊತ್ತಿಗೆ ಎಂದು ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಶುಭಸಂದೇಶಗಳು ಹೇಳುತ್ತವೆ. ಜನರ ಅನುಕೂಲಕ್ಕಾಗಿ ಸಂಜೆಗೆ ಇಟ್ಟುಕೊಳ್ಳಲೂ ಅವಕಾಶ ಇದೆ. ನಿಮ್ಮ ಮುತ್ತಜ್ಜಿ "ನಮ್ಮ ಕಾಲದಲ್ಲಿ ಬೆಳಿಗ್ಗೆನೇ ಮುಗೀತಿತ್ತು" ಅಂದಿದ್ದರೆ ಅದು ನಿಜವೇ. ಜಗದ್ಗುರು, ಅಂದರೆ ಪೋಪ್, 12ನೇ ಪಿಯುಸ್ 1955ರಲ್ಲಿ ಪವಿತ್ರ ವಾರದ ವಿಧಿಗಳನ್ನು ತಿದ್ದಿದರು. ಮರುವರ್ಷದಿಂದ ಅದು ಮಧ್ಯಾಹ್ನಕ್ಕೆ ಬಂತು. ಅದಕ್ಕೂ ಮೊದಲು ಆ ದಿನ ಪರಮಪ್ರಸಾದ ಸ್ವೀಕರಿಸುತ್ತಿದ್ದವರು ಗುರುಗಳೊಬ್ಬರೇ.

ಬೆಂಗಳೂರಿನಂಥ ಊರಲ್ಲಿ ಒಂದೇ ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳಂ ಮಾತಾಡುವವರೆಲ್ಲ ಇರುತ್ತಾರೆ. ಭಾನುವಾರದ ವೇಳಾಪಟ್ಟಿ ಅವತ್ತು ನಡೆಯುವುದಿಲ್ಲ. ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರ, ಹೋದಾಗಲೇ ನೋಟಿಸ್ ಬೋರ್ಡಿನ ಫೋಟೋ ತೆಗೆದುಕೊಂಡುಬಿಡಿ.

ಜಾಸ್ತಿ ಜನ ಎಡವುವುದು ಇಲ್ಲೇ: ಬೆಳಿಗ್ಗೆ ಶಿಲುಬೆ ಹಾದಿಗೆ ಹೋಗಿ ಬಂದು, "ನಮ್ಮದಾಯ್ತು" ಅಂದುಕೊಳ್ಳುತ್ತಾರೆ. ಶಿಲುಬೆ ಹಾದಿ ಎಂದರೆ ಯೇಸುವಿನ ಕೊನೆಯ ಪಯಣವನ್ನು 14 ನಿಲ್ದಾಣಗಳಲ್ಲಿ ನೆನೆಯುತ್ತಾ ನಡೆಯುವ ಭಕ್ತಿಕ್ರಮ. ಬಿಸಿಲಲ್ಲಿ ಗುಡ್ಡ ಹತ್ತುತ್ತಾ, ಹಾಡುತ್ತಾ ನಡೆಯುವುದು ಮನಸ್ಸಿಗೆ ನಾಟುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಧರ್ಮಸಭೆಯ ಆ ದಿನದ ಆರಾಧನೆ ಮಧ್ಯಾಹ್ನದ್ದು. ಎರಡಕ್ಕೂ ಹೋಗುವಷ್ಟು ತ್ರಾಣ ಇಲ್ಲದಿದ್ದರೆ ಮಧ್ಯಾಹ್ನದ್ದಕ್ಕೆ ಹೋಗಿ.

2. ಉಪವಾಸದ ಲೆಕ್ಕ

ಎರಡು ನಿಯಮ ಇವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಮಾಂಸ ಬಿಡುವ ನಿಯಮ 14 ವರ್ಷ ತುಂಬಿದ ಎಲ್ಲರಿಗೂ. ಉಪವಾಸದ ನಿಯಮ 18 ತುಂಬಿದವರಿಂದ 59 ತುಂಬುವವರೆಗೆ. ಉಪವಾಸ ಎಂದರೆ ಒಂದು ಪೂರ್ತಿ ಊಟ, ಜೊತೆಗೆ ಬೇಕಿದ್ದರೆ ಎರಡು ಸಲ ಸ್ವಲ್ಪ ಸ್ವಲ್ಪ. ಆ ಎರಡೂ ಸೇರಿದರೂ ಒಂದು ಪೂರ್ತಿ ಊಟ ಆಗಬಾರದು. ನೀರು, ಔಷಧಿಗೆ ತಡೆ ಇಲ್ಲ.

ಮೀನು ಈ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಅಂಜಲ್ ಫ್ರೈ ಮಾಡಿಕೊಂಡು ಕೂತರೆ ನಿಯಮ ಮುರಿಯುವುದಿಲ್ಲ, ಉಪವಾಸ ಮಾತ್ರ ಮಾಯವಾಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅವತ್ತು ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ ಅಷ್ಟೇ. ಕಾಯಿಲೆಯವರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು ಹಟ ಮಾಡಬೇಡಿ. ಚರ್ಚಿನ ಸೆಕೆಯಲ್ಲಿ ತಲೆ ತಿರುಗಿ ಬೀಳುವವರನ್ನು ಆ ದಿನ ನೋಡೇ ನೋಡುತ್ತೇವೆ.

3. ಏನು ತರಬೇಕು, ಏನು ಬೇಡ

ಸರಳವಾದ ಬಟ್ಟೆ ಸಾಕು. ಕಪ್ಪು ಬಟ್ಟೆಯೇ ಆಗಬೇಕು ಅಂತೇನಿಲ್ಲ. ಬೈಬಲ್ ಇದ್ದರೆ ಯೊವಾನ್ನನ ಶುಭಸಂದೇಶದ 18 ಮತ್ತು 19ನೇ ಅಧ್ಯಾಯಗಳಿಗೆ ಗುರುತಿಟ್ಟು ತನ್ನಿ. ವಯಸ್ಸಾದವರಿದ್ದರೆ ಅರ್ಧ ಗಂಟೆ ಮೊದಲೇ ಬಂದು ಕುರ್ಚಿ ಹಿಡಿಯಿರಿ. ಮಕ್ಕಳಿಗೆ ನೀರಿನ ಬಾಟಲಿ ಇರಲಿ.

ಹೂವು, ಹಾರ, ಮೇಣದಬತ್ತಿ ಬೇಡ. ಹರಕೆ ಹೊತ್ತವರು ಇನ್ನೊಂದು ದಿನ ಬನ್ನಿ. ತೀರಿಕೊಂಡವರ ಹೆಸರಲ್ಲಿ ಅವತ್ತು ಪೂಜೆ ಬರೆಸಲು ಆಗುವುದಿಲ್ಲ, ಯಾಕೆಂದರೆ ಬಲಿಪೂಜೆಯೇ ಇಲ್ಲ. ಮದುವೆಯೂ ಇಲ್ಲ. ಸಾವು ಮಾತ್ರ ದಿನ ನೋಡಿ ಬರುವುದಿಲ್ಲವಲ್ಲ. ಆ ದಿನ ಮಣ್ಣು ಮಾಡಬೇಕಾಗಿ ಬಂದರೆ ಬಲಿಪೂಜೆ, ಹಾಡು, ಗಂಟೆ ಇಲ್ಲದೆ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಸಿಕೊಡುತ್ತಾರೆ. ಪಾಪನಿವೇದನೆ (ಗುರುಗಳ ಬಳಿ ತಪ್ಪು ಹೇಳಿಕೊಂಡು ಕ್ಷಮೆ ಪಡೆಯುವುದು) ಮತ್ತು ರೋಗಿಗಳ ಅಭ್ಯಂಗ, ಅಂದರೆ ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಮಾಡುವ ಸಂಸ್ಕಾರ, ಇವೆರಡಕ್ಕೆ ತಡೆ ಇಲ್ಲ. ಪಾಪನಿವೇದನೆಯನ್ನು ಬುಧವಾರದೊಳಗೆ ಮುಗಿಸಿಕೊಳ್ಳಿ. ಶುಕ್ರವಾರದ ಸಾಲು ನೋಡಿದರೆ ಯಾಕಂತ ಗೊತ್ತಾಗುತ್ತದೆ.

4. ಒಳಗೆ ಕಾಲಿಟ್ಟಾಗ

ಗಂಟೆ ಬಡಿಯುತ್ತೆ, ಆಮೇಲೆ ಹೋದರಾಯಿತು ಅಂತ ಹೊರಗೆ ಹರಟುತ್ತಾ ನಿಲ್ಲಬೇಡಿ. ಗುರುವಾರ ಪೂಜೆಯಲ್ಲಿ ಮಹಿಮಾಗೀತೆ ಹಾಡುವಾಗ ಬಡಿದ ಗಂಟೆ ಇನ್ನು ಬಡಿಯುವುದು ಶನಿವಾರ ರಾತ್ರಿ ಅದೇ ಹಾಡಿಗೆ. ನಡುವೆ ಕೆಲವು ಕಡೆ ಮರದ ಹಲಗೆ ಬಡಿದು ಸದ್ದು ಮಾಡುತ್ತಾರೆ. ಕಟಕಟ ಅನ್ನುವ ಆ ಒಣ ಸದ್ದು ಕೇಳಿದರೆ ಗಾಬರಿಯಾಗಬೇಡಿ.

ಬಾಗಿಲ ಬಳಿ ತೀರ್ಥದ ಬಟ್ಟಲಿಗೆ ಅಭ್ಯಾಸಬಲದಿಂದ ಕೈ ಹಾಕಿದರೆ ಅದು ಒಣಗಿರುತ್ತದೆ. ಮುಂದೆ ನೋಡಿ: ಬಲಿಪೀಠದ ಮೇಲೆ ಬಟ್ಟೆ ಇಲ್ಲ, ಮೇಣದಬತ್ತಿ ಇಲ್ಲ, ಶಿಲುಬೆಯೂ ಇಲ್ಲ. ಬರೀ ಕಲ್ಲು ಅಥವಾ ಮರ. ಪರಮಪ್ರಸಾದ ಇಡುವ ಪುಟ್ಟ ಪೆಟ್ಟಿಗೆಯ ಬಾಗಿಲು ತೆರೆದಿದೆ, ಒಳಗೆ ಖಾಲಿ, ಪಕ್ಕದ ಕೆಂಪು ದೀಪ ಆರಿದೆ. ಗುರುವಾರ ರಾತ್ರಿಯೇ ಪರಮಪ್ರಸಾದವನ್ನು ಬೇರೆ ಜಾಗಕ್ಕೆ ಒಯ್ದಿರುತ್ತಾರೆ. ಎಂದಿನಂತೆ ಆ ಪೆಟ್ಟಿಗೆಯ ಕಡೆ ಮೊಣಕಾಲೂರುವ ಅಗತ್ಯ ಇವತ್ತಿಲ್ಲ. ಸುಮ್ನೆ ತಲೆಬಾಗಿ ಜಾಗ ಹಿಡಿಯಿರಿ.

ಮೊಬೈಲ್ ಆಫ್. ಸೈಲೆಂಟ್ ಸಾಲದು, ಮುಂದಿನ ಹಂತದಲ್ಲಿ ವೈಬ್ರೇಶನ್ ಸದ್ದೂ ಇಡೀ ಚರ್ಚಿಗೆ ಕೇಳುತ್ತದೆ.

5. ಗುರುಗಳು ನೆಲಕ್ಕೆ ಬೀಳುವ ಹೊತ್ತು

ಪ್ರವೇಶದ ಹಾಡಿಲ್ಲ. ಗುರುಗಳು ಕೆಂಪು ಪೂಜಾವಸ್ತ್ರ ತೊಟ್ಟು ಮೌನವಾಗಿ ಬಂದು, ಬರಿದಾದ ಪೀಠದ ಮುಂದೆ ಉದ್ದಂಡ ಬೀಳುತ್ತಾರೆ. ಕೆಲವೊಮ್ಮೆ ಮೊಣಕಾಲೂರಿ ಕುಳಿತುಕೊಳ್ಳುತ್ತಾರೆ. ನಾವೆಲ್ಲ ಮೊಣಕಾಲೂರಬೇಕು. ಮೊದಲ ಸಲ ಬಂದವರು ಇದನ್ನು ನೋಡಿ ಸ್ವಾಮಿಗಳಿಗೆ ಏನೋ ಆಯಿತು ಅಂದುಕೊಳ್ಳುವುದುಂಟು.

ಒಬ್ಬ ಗುರು ತನ್ನ ದೀಕ್ಷೆಯ ದಿನ ಹೀಗೆ ನೆಲಕ್ಕೆ ಬಿದ್ದಿರುತ್ತಾರೆ. ಬಳಿಕ ಪ್ರತಿ ವರ್ಷ ಈ ದಿನ. ಹೇಳಲು ಮಾತಿಲ್ಲದಾಗ ಮೈಯೇ ಪ್ರಾರ್ಥನೆ ಮಾಡುವ ರೀತಿ ಇದು, ನಮಗೆ ಅಡ್ಡಬೀಳುವುದು ಗೊತ್ತಿರುವುದರಿಂದ ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ? ಎದ್ದ ಮೇಲೆ "ಪ್ರಾರ್ಥಿಸೋಣ" ಅಂತ ಕೂಡ ಹೇಳದೆ ಅವರು ನೇರವಾಗಿ ಪ್ರಾರ್ಥನೆ ಓದುತ್ತಾರೆ. ನೀವು ಶಿಲುಬೆ ಗುರುತು ಹಾಕಲು ಕೈ ಎತ್ತಿದ್ದರೆ ಇಳಿಸಿ.

ಕೆಂಪು ಯಾಕೆ? ಹಿಂದೆ ಕಪ್ಪು ಬಟ್ಟೆ ಇತ್ತು. 1970ರ ಪೂಜಾಗ್ರಂಥ ಅದನ್ನು ಕೆಂಪು ಮಾಡಿತು. ಕೆಂಪು ಹುತಾತ್ಮರ ರಕ್ತದ ಬಣ್ಣ, ರಾಜನ ಬಣ್ಣವೂ ಹೌದು. ಈ ಬದಲಾವಣೆ ಬರೀ ಬಟ್ಟೆಯದ್ದಲ್ಲ ಅಂತ ನನ್ನ ಅನಿಸಿಕೆ. ಎಷ್ಟೋ ಜನ ಇವತ್ತಿಗೂ ಸಾವಿನ ಮನೆಗೆ ಬಂದ ಹಾಗೆ ಬರುತ್ತಾರೆ, ಅಳುವುದೇ ಭಕ್ತಿ ಅಂದುಕೊಳ್ಳುತ್ತಾರೆ. ಮುಂದೆ ಓದುವ ಪಾಠ ಕೇಳಿದರೆ ಅದು ಹೆಣದ ಮುಂದಿನ ಮಾತಿನಂತೆ ಕೇಳಿಸುವುದೇ ಇಲ್ಲ.

6. ಪಾಠಗಳು ಮತ್ತು ಪಾಡುಗಳ ಕಥೆ

ಮೊದಲ ಪಾಠ ಪ್ರವಾದಿ ಯೆಶಾಯನ ಗ್ರಂಥದಿಂದ, 52ನೇ ಅಧ್ಯಾಯದ ಕೊನೆ ಮತ್ತು 53 ಪೂರ್ತಿ. ಜನರಿಗಾಗಿ ನೋವು ಹೊತ್ತ, ಬಾಯಿ ಬಿಡದ ಒಬ್ಬ ಸೇವಕನ ಹಾಡು ಅದು. ಯೇಸುವಿಗಿಂತ ಶತಮಾನಗಳ ಹಿಂದಿನದು. ಆಮೇಲೆ "ನನ್ನ ಪ್ರಾಣವನ್ನು ನಿನ್ನ ಕೈಗೊಪ್ಪಿಸುತ್ತೇನೆ" ಎಂಬ ಅರ್ಥದ 31ನೇ ಕೀರ್ತನೆ, ಬಳಿಕ ಹಿಬ್ರಿಯರಿಗೆ ಬರೆದ ಪತ್ರದ ಒಂದು ಭಾಗ.

ಆಮೇಲೆ ಪಾಡುಗಳ ಕಥೆ. ಪಾಡು ಎಂದರೆ ಯೇಸು ಅನುಭವಿಸಿದ ಯಾತನೆ. ಗರಿಗಳ ಭಾನುವಾರ ಮತ್ತಾಯ, ಮಾರ್ಕ, ಲೂಕ ಈ ಮೂವರಲ್ಲಿ ಆ ವರ್ಷದ ಒಬ್ಬರ ಕಥನ ಓದುತ್ತಾರೆ. ಶುಕ್ರವಾರ ಮಾತ್ರ ಪ್ರತಿ ವರ್ಷವೂ ಯೊವಾನ್ನನದೇ. ಮೇಣದಬತ್ತಿ ಇಲ್ಲ, ಧೂಪ ಇಲ್ಲ, ಮೊದಲಿಗೆ ಹೇಳುವ ವಂದನೆಯೂ ಇಲ್ಲ. ಒಬ್ಬರು ಕಥೆ ಹೇಳುತ್ತಾರೆ, ಯೇಸುವಿನ ಮಾತು ಗುರುಗಳದ್ದು, ಉಳಿದವರ ಮಾತು ಇನ್ನೊಬ್ಬರದ್ದು. ಕೆಲವು ಕಡೆ ಇಡೀ ಕಥೆಯನ್ನು ಹಾಡುತ್ತಾರೆ. ಗುಂಪಿನ ಮಾತು ಜನರದ್ದಾದರೆ "ಅವನನ್ನು ಶಿಲುಬೆಗೇರಿಸಿ" ಅಂತ ನೀವೇ ಕೂಗಬೇಕಾಗುತ್ತದೆ. ಹೇಳಲು ಬಾಯಿ ಬರುವುದಿಲ್ಲ ಅಂತ ಕೆಲವರು ಸುಮ್ಮನಿರುತ್ತಾರೆ. ಬಾಯಿ ಬರದಿರಲಿ ಅಂತಲೇ ಅದನ್ನು ನಮ್ಮ ಪಾಲಿಗೆ ಇಟ್ಟಿರುವುದು.

ಕೇಳುವಾಗ ಈ ಕೆಲವನ್ನು ಗಮನಿಸಿ. ತೋಟದಲ್ಲಿ ಸೈನಿಕರು ಹಿಡಿಯಲು ಬಂದಾಗ ಯೇಸು ತಾವೇ ಮುಂದೆ ಬಂದು "ಯಾರನ್ನು ಹುಡುಕುತ್ತಿದ್ದೀರಿ?" ಅಂತ ಕೇಳುತ್ತಾರೆ. "ನಾನೇ ಅವನು" ಅಂದ ಕೂಡಲೇ ಬಂದವರು ಹಿಂದೆ ಸರಿದು ನೆಲಕ್ಕೆ ಬೀಳುತ್ತಾರೆ. ರೋಮನ್ ರಾಜ್ಯಪಾಲ ಪಿಲಾತನ ಮುಂದೆ ವಿಚಾರಣೆ ನಡೆಯುತ್ತಿರುವುದು ಯಾರದ್ದು ಅಂತ ಒಂದು ಹಂತದಲ್ಲಿ ಗೊತ್ತೇ ಆಗುವುದಿಲ್ಲ, ಒಳಗೂ ಹೊರಗೂ ಓಡಾಡಿ ಬೆವರುವವನು ಪಿಲಾತನೇ. ಶಿಲುಬೆಯ ಮೇಲಿನ ಫಲಕದಲ್ಲಿ "ಯೆಹೂದ್ಯರ ಅರಸ" ಎಂದು ಹಿಬ್ರೂ, ಲ್ಯಾಟಿನ್, ಗ್ರೀಕ್ ಮೂರೂ ಭಾಷೆಗಳಲ್ಲಿ ಬರೆದಿದೆ. "ನನ್ನ ದೇವರೇ, ಯಾಕೆ ಕೈಬಿಟ್ಟೆ" ಎಂಬ ಕೂಗು ಮತ್ತಾಯ, ಮಾರ್ಕರಲ್ಲಿದೆ. ಯೊವಾನ್ನನಲ್ಲಿ ಅದು ಇಲ್ಲ. ಇಲ್ಲಿ ಯೇಸು "ಎಲ್ಲ ನೆರವೇರಿತು" ಎಂದು ಹೇಳಿ, ತಲೆಬಾಗಿಸಿ ಪ್ರಾಣ ಒಪ್ಪಿಸುತ್ತಾರೆ. ಆಮೇಲೆ, ಹಿಂದೆ ರಾತ್ರಿ ಹೊತ್ತು ಕದ್ದು ಬಂದು ಭೇಟಿಯಾಗಿದ್ದ ನಿಕೋದೇಮ ಈಗ ಸುಮಾರು 30 ಕಿಲೋ ಸುಗಂಧದ್ರವ್ಯ ಹೊತ್ತು ತರುತ್ತಾನೆ. ಅಪರಾಧಿಯ ಹೆಣಕ್ಕೆ ಯಾರೂ ಅಷ್ಟು ತರುವುದಿಲ್ಲ, ಅದು ರಾಜನ ಲೆಕ್ಕ.

ಪ್ರಾಣ ಒಪ್ಪಿಸಿದ ಸಾಲು ಬಂದ ಕೂಡಲೇ ಎಲ್ಲರೂ ಮೊಣಕಾಲೂರಿ ಸ್ವಲ್ಪ ಹೊತ್ತು ಮೌನ. ಆಮೇಲೆ ಎದ್ದು ನಿಲ್ಲಬೇಕು. ಕಥೆ ಉದ್ದ ಇದೆ. ಕಾಲು ನೋವಿದ್ದವರು ಕೂತು ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಈ ಕಥೆಯಲ್ಲಿ "ಯೆಹೂದ್ಯರು" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದನ್ನೇ ಹಿಡಿದುಕೊಂಡು ಯುರೋಪಿನಲ್ಲಿ ಶತಮಾನಗಳ ಕಾಲ ಯೆಹೂದ್ಯರನ್ನು ಹಿಂಸಿಸಿದ್ದಾರೆ. ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಕ್ಕಳು ಕೇಳಿದರೆ ಹೀಗೇ ಹೇಳಿಕೊಡಿ.

7. ಹತ್ತು ಪ್ರಾರ್ಥನೆಗಳು

ಸಣ್ಣ ಪ್ರಬೋಧನೆ ಆದ ಮೇಲೆ ಹತ್ತು ಬಿನ್ನಹಗಳು ಬರುತ್ತವೆ. ಜನ ಆಕಳಿಸುವುದು, ಗಡಿಯಾರ ನೋಡುವುದು ಇಲ್ಲೇ. ರೋಮಿನ ವಿಧಿಯಲ್ಲಿ ಉಳಿದುಬಂದ ತುಂಬ ಹಳೆಯ ಪ್ರಾರ್ಥನೆಗಳಿವು. ಕ್ರಮ ಹೀಗೆ: ಯಾರಿಗಾಗಿ ಅಂತ ಒಬ್ಬರು ಹೇಳುತ್ತಾರೆ, ಎಲ್ಲರೂ ಮೌನವಾಗಿ ಬೇಡುತ್ತಾರೆ, ಆಮೇಲೆ ಗುರುಗಳು ಎಲ್ಲರ ಪರವಾಗಿ ಪ್ರಾರ್ಥನೆ ಓದುತ್ತಾರೆ. ಕೆಲವು ಕಡೆ ಪ್ರತಿ ಸಲ ಮೊಣಕಾಲೂರಿ ಏಳಿಸುತ್ತಾರೆ. ಅಕ್ಕಪಕ್ಕದವರು ಮಾಡಿದ ಹಾಗೆ ಮಾಡಿ.

ಧರ್ಮಸಭೆ, ಜಗದ್ಗುರುಗಳು, ಧರ್ಮಾಧ್ಯಕ್ಷರು (ಬಿಷಪ್ಪರು) ಮತ್ತು ಎಲ್ಲ ಭಕ್ತರು, ದೀಕ್ಷಾಸ್ನಾನಕ್ಕೆ ಸಿದ್ಧವಾಗುತ್ತಿರುವವರು, ಕ್ರೈಸ್ತರ ಐಕ್ಯತೆ, ಯೆಹೂದ್ಯರು, ಕ್ರಿಸ್ತನನ್ನು ನಂಬದವರು, ದೇವರನ್ನೇ ನಂಬದವರು, ಆಡಳಿತ ನಡೆಸುವವರು, ಸಂಕಟದಲ್ಲಿರುವವರು. ಪಟ್ಟಿ ಒಳಗಿನಿಂದ ಹೊರಗೆ ಹರಡುತ್ತಾ ಹೋಗುತ್ತದೆ. ಯೆಹೂದ್ಯರಿಗಾಗಿ ಇದ್ದ ಹಳೆಯ ಪ್ರಾರ್ಥನೆಯಲ್ಲಿ ಅವರನ್ನು ಹೀಗಳೆಯುವ ಮಾತಿತ್ತು. ಜಗದ್ಗುರು 23ನೇ ಯೊವಾನ್ನರು 1959ರಲ್ಲಿ ಅದನ್ನು ತೆಗೆಸಿದರು. ಈಗಿನದರಲ್ಲಿ ಅವರು ದೇವರ ಮಾತನ್ನು ಮೊದಲು ಕೇಳಿಸಿಕೊಂಡ ಜನ. ನಿಮ್ಮ ಜೊತೆ ಬಂದ ಹಿಂದೂ ಅಥವಾ ಮುಸ್ಲಿಂ ಗೆಳೆಯರಿಗೂ, ದೇವರಿಲ್ಲ ಅನ್ನುವ ಭಾವಮೈದುನನಿಗೂ ಇಲ್ಲಿ ಒಂದೊಂದು ಪ್ರಾರ್ಥನೆ ಇದೆ ಅಂತ ಮೊದಲೇ ಹೇಳಿಡಿ, ಅವರು ಕಿವಿಗೊಟ್ಟು ಕೇಳುತ್ತಾರೆ.

8. ಶಿಲುಬೆಯ ಆರಾಧನೆ

ಇಡೀ ದಿನದ ಹೃದಯ ಇದು. ನಿಧಾನವಾಗಿ ಓದಿ.

ನೇರಳೆ ಬಟ್ಟೆ ಮುಚ್ಚಿದ ಶಿಲುಬೆಯನ್ನು ತರುತ್ತಾರೆ. ಗುರುಗಳು ಮೊದಲು ಮೇಲ್ತುದಿಯ ಬಟ್ಟೆ ಸರಿಸಿ, ಶಿಲುಬೆ ಎತ್ತಿ ಹಿಡಿದು, ಲೋಕದ ರಕ್ಷಣೆ ತೂಗಿದ್ದ ಮರ ಇದೋ ಎಂಬ ಅರ್ಥದ ಸಾಲು ಹಾಡುತ್ತಾರೆ. "ಬನ್ನಿ, ಆರಾಧಿಸೋಣ" ಎಂದು ನಾವು ಉತ್ತರಿಸಿ ಮೊಣಕಾಲೂರುತ್ತೇವೆ. ಎರಡನೇ ಸಲ ಬಲತೋಳು. ಮೂರನೇ ಸಲ ಪೂರ್ತಿ. ಪ್ರತಿ ಸಲವೂ ಮೌನ. ಇನ್ನು ಕೆಲವು ಕಡೆ ಬಟ್ಟೆ ಮುಚ್ಚದ ಶಿಲುಬೆಯನ್ನೇ ಬಾಗಿಲಿನಿಂದ ಹೊತ್ತು ತರುತ್ತಾ ಮೂರು ಕಡೆ ನಿಂತು ಹೀಗೇ ಮಾಡುತ್ತಾರೆ. ಎರಡೂ ಸರಿಯೇ.

ಆಮೇಲೆ ಗುರುಗಳು ಮೇಲಿನ ಪೂಜಾವಸ್ತ್ರ ತೆಗೆದು, ಚಪ್ಪಲಿ ಬಿಟ್ಟು, ಮೊದಲು ತಾವು ಹೋಗಿ ವಂದಿಸುತ್ತಾರೆ. ಹಿಂದೆ ನಾವು ಒಬ್ಬೊಬ್ಬರಾಗಿ. ನೀವೂ ಚಪ್ಪಲಿ ಬೆಂಚಿನ ಕೆಳಗೇ ಬಿಟ್ಟು ಸಾಲಿಗೆ ಬನ್ನಿ. ಮುಂದೆ ಹೋಗಿ ಮೊಣಕಾಲೂರಿ, ಮುತ್ತಿಡಬಹುದು, ಹಣೆ ತಾಗಿಸಬಹುದು, ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು, ಬರೀ ತಲೆಬಾಗಿ ಬಂದರೂ ಆಯಿತು.

ಕಣ್ಣಿಗೊತ್ತಿಕೊಳ್ಳುವುದು ನಮ್ಮ ಕಡೆಯ ಪದ್ಧತಿ, ಸರಿಯಾದ ಕ್ರಮ ಅಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಎಗೇರಿಯಾ ಎಂಬ ಹೆಣ್ಣುಮಗಳ ವಿಷಯ ಹೇಳಿ. 4ನೇ ಶತಮಾನದ ಕೊನೆಯಲ್ಲಿ ಆಕೆ ಜೆರುಸಲೇಮಿಗೆ ಯಾತ್ರೆ ಹೋಗಿ ಕಂಡದ್ದನ್ನು ಬರೆದಿಟ್ಟಿದ್ದಾಳೆ. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮುಂದೆ ಧರ್ಮಾಧ್ಯಕ್ಷರು. ಬೆಳ್ಳಿಯ ಪೆಟ್ಟಿಗೆಯಿಂದ ಶಿಲುಬೆಯ ಮರ ತೆಗೆದಿಟ್ಟು, ಎರಡೂ ತುದಿಯನ್ನು ಅವರೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಜನ ಒಬ್ಬೊಬ್ಬರಾಗಿ ಬಂದು ಬಾಗಿ, ಮೊದಲು ಹಣೆ, ಆಮೇಲೆ ಕಣ್ಣು ತಾಗಿಸಿ, ಮುತ್ತಿಟ್ಟು ಹೋಗುತ್ತಿದ್ದರು. ಕೈಯಲ್ಲಿ ಮಾತ್ರ ಮುಟ್ಟುವಂತಿರಲಿಲ್ಲ. ಸುತ್ತ ಕಾವಲು ಬೇರೆ. ಯಾಕೆಂದರೆ ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಮರದ ಚೂರನ್ನು ಹಲ್ಲಿನಿಂದ ಕಚ್ಚಿ ಕದ್ದೊಯ್ದಿದ್ದರಂತೆ! ನಾವು ಇವತ್ತು ಮಾಡುವುದು ಅದೇ ಸಾಲಿನ ಮುಂದುವರಿಕೆ.

ಮರವನ್ನು ಪೂಜಿಸುತ್ತೀರಾ ಅಂತ ಯಾರಾದರೂ ಕೇಳಿದರೆ ಉತ್ತರ ಸರಳ. ವಂದನೆ ಸಲ್ಲುವುದು ಆ ಮರದ ಮೇಲೆ ಪ್ರಾಣ ಕೊಟ್ಟವರಿಗೆ. ರೋಮನ್ನರು ದಂಗೆಯೆದ್ದವರನ್ನೂ ಗುಲಾಮರನ್ನೂ ಕೊಲ್ಲಲು ಬಳಸುತ್ತಿದ್ದ ಅವಮಾನದ ಸಾಧನ ಇದು. ಅದನ್ನೇ ಎತ್ತಿ ಹಿಡಿದು ಹಾಡುವುದರಲ್ಲಿ ಈ ದಿನದ ಪೂರ್ತಿ ಅರ್ಥ ಇದೆ.

ಸಾಲು ಸಾಗುವಾಗ ಗಾಯನವೃಂದದವರು "ನನ್ನ ಜನವೇ, ನಾನು ನಿನಗೇನು ಮಾಡಿದೆ?" ಎಂಬ ಹಳೆಯ ಹಾಡು ಹಾಡುವುದುಂಟು. ದೇವರು ತನ್ನ ಜನರನ್ನು ಕೇಳುವ ಪ್ರಶ್ನೆ ಅದು, ಮೂಲ ಪ್ರವಾದಿ ಮೀಕನ ಗ್ರಂಥದ 6ನೇ ಅಧ್ಯಾಯ. ನಮ್ಮನ್ನೇ ಕೇಳುತ್ತಿರುವುದು ಅಂತ ತಿಳಿದು ಕೇಳಿ.

ತಪ್ಪುಗಳು ಇಲ್ಲಿ ಬೇಕಾದಷ್ಟು. ತಳ್ಳಾಡಬೇಡಿ, ಎಲ್ಲರಿಗೂ ಸಮಯ ಸಿಗುತ್ತದೆ. ಮಗುವನ್ನು ಎತ್ತಿ ಮುತ್ತಿಡಿಸುವಾಗ ಸೆಲ್ಫಿ ಬೇಡ. ಜನ ಕರಗಲಿ ಅಂತ ಆರೇಳು ಶಿಲುಬೆ ಇಡುವ ಧರ್ಮಕೇಂದ್ರಗಳಿವೆ, ಆದರೆ ವಿಧಿ ಹೇಳುವುದು ಒಂದೇ ಶಿಲುಬೆ. ತೀರಾ ಜಾಸ್ತಿ ಜನ ಇದ್ದರೆ ಗುರುಗಳು ಅದನ್ನೇ ಎತ್ತಿ ಹಿಡಿದು, ಎಲ್ಲರೂ ಇದ್ದಲ್ಲೇ ಮೌನವಾಗಿ ವಂದಿಸಲು ಅವಕಾಶ ಇದೆ. ನನಗಂತೂ ಸಾಲು ಎಷ್ಟೇ ಉದ್ದ ಇದ್ದರೂ ಒಂದೇ ಶಿಲುಬೆ ಚೆನ್ನ.

ಕ್ರೈಸ್ತರಲ್ಲದವರೂ ಇಲ್ಲಿಗೆ ಬಂದು ನಮಸ್ಕರಿಸಬಹುದು. ಕಾಣಿಕೆ ಪೆಟ್ಟಿಗೆ ಕಂಡರೆ ಅದರ ಲೆಕ್ಕವೂ ತಿಳಿದಿರಲಿ: ಆ ದಿನದ ಕಾಣಿಕೆ ಯೇಸು ಓಡಾಡಿದ ಪವಿತ್ರ ನಾಡಿನ ದೇವಾಲಯಗಳಿಗೆ ಮತ್ತು ಅಲ್ಲಿನ ಕ್ರೈಸ್ತರಿಗೆ ಹೋಗುತ್ತದೆ. ಜಗದ್ಗುರು 6ನೇ ಪೌಲರು 1974ರಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಿದರು.

9. ಪರಮಪ್ರಸಾದ

ಈಗ ಪೀಠಕ್ಕೆ ಒಂದು ಬಟ್ಟೆ ಹಾಸಿ, ಗುರುವಾರ ತೆಗೆದಿಟ್ಟ ಪರಮಪ್ರಸಾದವನ್ನು ತರುತ್ತಾರೆ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ಪ್ರಾರ್ಥನೆ ಇವತ್ತು ಇಲ್ಲ, ಅದಿಲ್ಲದೆ ಬಲಿಪೂಜೆ ಇಲ್ಲ. ಯೇಸು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಹೇಳುತ್ತಾರೆ. ಕೈಮುಗಿದು ಶಾಂತಿ ಹೇಳಿಕೊಳ್ಳುವುದು ಇಲ್ಲ, ಪಕ್ಕದವರ ಕಡೆ ತಿರುಗಬೇಡಿ.

ಸ್ವೀಕರಿಸುವ ಕಥೋಲಿಕರು ಒಂದು ಗಂಟೆ ಮೊದಲಿಂದ ಏನೂ ತಿಂದಿರಬಾರದು. ಗಂಭೀರ ಪಾಪ ಇದ್ದರೆ ಪಾಪನಿವೇದನೆ ಆಗಿರಬೇಕು. ಉಳಿದವರು ಕೂತಲ್ಲೇ ಇರಿ. ದೇವಸ್ಥಾನದ ಪ್ರಸಾದದ ಹಾಗೆ ಅಂದುಕೊಂಡು ಸಾಲಿಗೆ ಬಂದು ಕೈ ಚಾಚುವವರಿದ್ದಾರೆ, ಕೆಟ್ಟ ಉದ್ದೇಶದಿಂದ ಯಾರೂ ಮಾಡುವುದಿಲ್ಲ. ಅದಕ್ಕೇ ಕರೆತಂದವರು ಮೊದಲೇ ತಿಳಿಸಬೇಕು. ಮನೆಗೆ ಒಯ್ಯುವುದಂತೂ ಕೂಡದು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಗುರುಗಳಿಗೆ ಮುಂಚೆಯೇ ಹೇಳಿಡಿ, ರೋಗಿಗಳಿಗೆ ಆ ದಿನ ಯಾವ ಹೊತ್ತಿನಲ್ಲಾದರೂ ಪರಮಪ್ರಸಾದ ತಂದುಕೊಡಬಹುದು.

10. ಹೊರಡುವುದು

ಗುರುಗಳು ಜನರ ಮೇಲೆ ಕೈಚಾಚಿ ಒಂದು ಪ್ರಾರ್ಥನೆ ಹೇಳಿ, ಶಿಲುಬೆಗೆ ಮೊಣಕಾಲೂರಿ, ಮೌನವಾಗಿ ಹೊರಟುಬಿಡುತ್ತಾರೆ. ಕೊನೆಯ ಹಾಡಿಲ್ಲ. ಮುಗಿಯಿತೋ ಇಲ್ಲವೋ ಅಂತ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಮುಗಿದಿದೆ, ಎದ್ದು ಬನ್ನಿ. ಹೊರಡುವ ಮುನ್ನ ನೀವೂ ಶಿಲುಬೆಯ ಕಡೆ ಮೊಣಕಾಲೂರಿ. ಪಾಸ್ಕ ಜಾಗರಣೆಯವರೆಗೆ ಈ ಗೌರವ ಅದಕ್ಕೆ ಸಲ್ಲುತ್ತದೆ. ಇದಾದ ಕೂಡಲೇ ಮೈಕ್ ಹಿಡಿದು ಧನ್ಯವಾದ, ಪ್ರಕಟಣೆ ಶುರುಮಾಡುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಏನು ಕಷ್ಟವೋ ಗೊತ್ತಿಲ್ಲ.

ಹಲವು ಊರುಗಳಲ್ಲಿ ಆಮೇಲೆ ಯೇಸುವಿನ ಪಾರ್ಥಿವ ಶರೀರದ ಪ್ರತಿಮೆಯ ಮೆರವಣಿಗೆ ಇರುತ್ತದೆ, ವ್ಯಾಕುಲ ಮಾತೆಯ, ಅಂದರೆ ದುಃಖದಲ್ಲಿರುವ ತಾಯಿ ಮರಿಯಳ, ಪ್ರತಿಮೆಯೂ ಜೊತೆಗಿರುತ್ತದೆ. ಇದು ಊರಿನ ಭಕ್ತಿ, ಇಷ್ಟ ಇದ್ದವರು ನಿಲ್ಲಬಹುದು. ಗಂಜಿ ಕೊಟ್ಟರೆ ಕುಡಿದು ಹೋಗಿ.

ಕ್ರೈಸ್ತ ಸ್ನೇಹಿತರಿಗೆ ವಾಟ್ಸಾಪಿನಲ್ಲಿ ಹೂಗುಚ್ಛದ ಚಿತ್ರ ಹಾಕಿ ಶುಭಾಶಯ ಕಳಿಸುವುದು ಅವತ್ತು ಬೇಡ. ಭಾನುವಾರ ಬೆಳಿಗ್ಗೆ ಕಳಿಸಿ.

ಶನಿವಾರ ಹಗಲು ಬಲಿಪೂಜೆ ಇಲ್ಲ, ಪೀಠ ಬರಿದಾಗಿಯೇ ಇರುತ್ತದೆ. ಜಾಗರಣೆ ಕತ್ತಲಾದ ಮೇಲೆ, ಚರ್ಚಿನ ಹೊರಗೆ ಹೊಸ ಬೆಂಕಿಯ ಸುತ್ತ ಶುರುವಾಗುತ್ತದೆ. ಒಂದು ಮೇಣದಬತ್ತಿ, ಅದರ ಮೇಣ ಕೈಗೆ ಸುರಿಯದ ಹಾಗೆ ಸಿಕ್ಕಿಸಲು ಒಂದು ಕಾಗದದ ಚೂರು ತನ್ನಿ. ಚಪ್ಪಲಿ ಎಲ್ಲಿ ಬಿಟ್ಟಿರಿ ಅಂತ ನೆನಪಿಟ್ಟುಕೊಳ್ಳಿ, ಒಳಗೆ ಹೋಗುವಾಗ ದೀಪಗಳೆಲ್ಲ ಆರಿರುತ್ತವೆ.